ಸೆಕೆಂಡ್ ಪಿಯು ನಂತರ ಬಯೋಮೆಡಿಕಲ್ ಸೈನ್ಸ್: ಶಿರಸಿಯಿಂದ ಹೋಗಬಹುದಾ, ಹೋಗಿ ಮುಂದೇನು?

ಬನವಾಸಿ ರಸ್ತೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯಲ್ಲಿ ಸೆಕೆಂಡ್ ಪಿಯು ಓದುತ್ತಿದ್ದೇನೆ, ಪಿಸಿಎಂಬಿ. ನೀಟ್ ಬರೆಯುತ್ತೇನೆ, ಅದು ಮನೆಯಲ್ಲಿ ಯಾವತ್ತೋ ತೀರ್ಮಾನವಾದ ಮಾತು. ಆದರೆ ರೋಗಿಯನ್ನು ನೋಡಿ ಮದ್ದು ಬರೆಯೋದಕ್ಕಿಂತ, ರೋಗ ದೇಹದ ಒಳಗೆ ಹೋಗಿ ಏನು ಮಾಡುತ್ತದೆ ಅನ್ನೋದೇ ನನಗೆ ಜಾಸ್ತಿ ಹಿಡಿಸುತ್ತದೆ.

ನಮ್ಮದು ಅಡಿಕೆ ತೋಟ. ಸೊಪ್ಪಿನ ಬೆಟ್ಟದಿಂದ ದರಕು ತರೋದು ಪ್ರತಿ ವರ್ಷದ ಕೆಲಸ. ಮಂಗ ಸತ್ತ ಸುದ್ದಿ ಬಂದರೆ ಮಂಗನ ಕಾಯಿಲೆಯ ಭಯ, ಅದನ್ನು ಹರಡೋ ಉಣ್ಣಿ ಕಚ್ಚದಿರಲಿ ಅಂತ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಕೈಕಾಲಿಗೆ ಹಚ್ಚಿಕೊಳ್ಳೋ ಡೆಪಾ ಎಣ್ಣೆ ಕೊಟ್ಟು ಹೋಗುತ್ತಾರೆ. ಉಣ್ಣಿ ಕಚ್ಚಿದ ಎಲ್ಲರಿಗೂ ಜ್ವರ ಬರೋದಿಲ್ಲ. ಬಂದವರಲ್ಲೂ ಕೆಲವರು ಹುಷಾರಾಗಿ ತೋಟಕ್ಕೆ ಇಳಿಯುತ್ತಾರೆ, ಕೆಲವರನ್ನು ಮಣಿಪಾಲಕ್ಕೆ ಒಯ್ಯಬೇಕಾಗುತ್ತದೆ. ಯಾಕೆ ಹೀಗೆ? ಮನೆಯಲ್ಲಿ ಕೇಳಿದರೆ "ಅದೆಲ್ಲ ಡಾಕ್ಟರಾದ ಮೇಲೆ ಗೊತ್ತಾಗುತ್ತೆ, ಮೊದಲು ಫಿಸಿಕ್ಸ್ ಓದು" ಅನ್ನುತ್ತಾರೆ.

ಬಿಎಸ್ಸಿ ಬಯೋಮೆಡಿಕಲ್ ಸೈನ್ಸ್ ಅಂತ ಒಂದು ಡಿಗ್ರಿ ಇದೆ ಅಂತ ಇತ್ತೀಚೆಗೆ ಗೊತ್ತಾಯಿತು. ಇಲ್ಲಿ ಯಾರಿಗೂ ಅದರ ಬಗ್ಗೆ ತಿಳಿದಿಲ್ಲ. ಒಬ್ಬರು ಅದು ಎಕ್ಸ್‌ರೇ ಮಷಿನ್ ರಿಪೇರಿ ಅಂದರು. ಇನ್ನೊಬ್ಬರು ಎಂಬಿಬಿಎಸ್ ಸಿಗದವರು ಸೇರೋದು ಅಂದರು. ನಿಜವಾಗಿ ಅಲ್ಲಿ ಏನು ಕಲಿಸುತ್ತಾರೆ? ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೂ ಅದಕ್ಕೂ ಏನು ವ್ಯತ್ಯಾಸ? ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕುಮಟಾದವಳು, ಈಗ ದೆಹಲಿ

ನಾನು ಇದೇ ಕೋರ್ಸಿನ ಮೂರನೇ ವರ್ಷದಲ್ಲಿದ್ದೇನೆ, ದೆಹಲಿ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಇದು 3 ಕಾಲೇಜುಗಳಲ್ಲಿದೆ: ದ್ವಾರಕಾದ ಭಾಸ್ಕರಾಚಾರ್ಯ, ಕಾಲ್ಕಾಜಿ ಹತ್ತಿರದ ಆಚಾರ್ಯ ನರೇಂದ್ರ ದೇವ್, ಮತ್ತೆ ವಸುಂಧರಾ ಎನ್‌ಕ್ಲೇವ್‌ನ ಶಹೀದ್ ರಾಜಗುರು. ಕೊನೆಯದು ಹೆಣ್ಣುಮಕ್ಕಳಿಗೆ ಮಾತ್ರ.

ಮೊದಲು ಗೊಂದಲ ತೆಗೆಯೋಣ. ಮಷಿನ್ ತಯಾರಿ, ರಿಪೇರಿ ಎಲ್ಲ ಬಯೋಮೆಡಿಕಲ್ ಎಂಜಿನಿಯರಿಂಗ್, ಅದು ಬೇರೆ. ನಮ್ಮದು ಮನುಷ್ಯನ ದೇಹ ಮತ್ತು ರೋಗದ ವಿಜ್ಞಾನ. ಫಿಸಿಯಾಲಜಿ, ಸೆಲ್ ಬಯಾಲಜಿ, ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಮೈಕ್ರೋಬಯಾಲಜಿ, ಇಮ್ಯುನಾಲಜಿ ಇರುತ್ತದೆ. ಮುಂದೆ ಫಾರ್ಮಕಾಲಜಿ, ಟಾಕ್ಸಿಕಾಲಜಿ, ಪೆಥಾಲಜಿ, ಔಷಧಗಳ ಕೆಮಿಸ್ಟ್ರಿ. ಎಂಬಿಬಿಎಸ್‌ನ ಮೊದಲ ಎರಡು ವರ್ಷದ ವಿಷಯಗಳು ಸುಮಾರಾಗಿ ಇಲ್ಲಿಯೂ ಇವೆ. ಆದರೆ ಅವರು ಅದನ್ನು ರೋಗಿಯ ಕಡೆಗೆ ತಿರುಗಿಸುತ್ತಾರೆ, ನಾವು ಪ್ರಯೋಗದ ಕಡೆಗೆ.

ಕೆಮಿಸ್ಟ್ರಿ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ. ಬಯಾಲಜಿ ಇಷ್ಟ, ಕೆಮಿಸ್ಟ್ರಿ ಕಂಡರಾಗಲ್ಲ ಅನ್ನೋರು ಮೊದಲ ವರ್ಷದಲ್ಲೇ ಸೋಲುತ್ತಾರೆ. ಒಂದು ಔಷಧ ಯಾಕೆ ಕೆಲಸ ಮಾಡುತ್ತದೆ ಅಂತ ಕೇಳಿದರೆ ಉತ್ತರ ಕೊನೆಗೆ ಅಣುವಿನ ಆಕಾರಕ್ಕೇ ಬಂದು ನಿಲ್ಲುತ್ತದೆ.

ಲ್ಯಾಬ್ ಹೇಗಿರುತ್ತೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಡಿಎನ್ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರೆ ಮಾಡೋ ಪ್ರಯೋಗ. ಅಗರೋಸ್ ಪುಡಿಯನ್ನು ಬಫರ್ ಅನ್ನೋ ಲವಣದ ದ್ರಾವಣದಲ್ಲಿ ಕುದಿಸಿ ಅಚ್ಚಿಗೆ ಹೊಯ್ಯಬೇಕು. ಆರಿದ ಮೇಲೆ ಅದು ನಮ್ಮ ಹಾಲ್ಬಾಯಿ ಹಾಗೆ ಗಟ್ಟಿಯಾಗಿ, ಮೆತ್ತಗೆ ನಿಲ್ಲುತ್ತದೆ. ಒಂದು ತುದಿಯಲ್ಲಿ ಬಾಚಣಿಗೆ ಇಟ್ಟು ತೆಗೆದ ಸಣ್ಣ ಸಣ್ಣ ಗುಳಿಗಳು. ಆ ಗುಳಿಗೆ ಕೆಲವೇ ಮೈಕ್ರೋಲೀಟರ್ ಡಿಎನ್ಎ ಇಳಿಸಬೇಕು, ಅದೂ ಮೇಲೆ ಬಫರ್ ತುಂಬಿಕೊಂಡಿರುವಾಗ. ಒಂದು ಮೈಕ್ರೋಲೀಟರ್ ಅಂದರೆ ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು. ಡಿಎನ್ಎ ತೇಲಿ ಹೋಗದ ಹಾಗೆ ಗ್ಲಿಸರಾಲ್ ಸೇರಿಸಿರುತ್ತಾರೆ, ಕಣ್ಣಿಗೆ ಕಾಣಲಿ ಅಂತ ನೀಲಿ ಬಣ್ಣ. ಕೈ ನಡುಗಿದರೆ ಪಿಪೆಟ್ಟಿನ ತುದಿ ಗುಳಿಯ ತಳವನ್ನೇ ತೂತು ಮಾಡುತ್ತದೆ, ನೀಲಿ ಕೆಳಗೆ ಹರಿದು ಹೋಗುತ್ತದೆ. ಸರಿಯಾಗಿ ಇಳಿದರೆ ಕರೆಂಟ್ ಕೊಡಬೇಕು. ಡಿಎನ್ಎಯಲ್ಲಿರೋ ಫಾಸ್ಫೇಟ್ ಋಣ ವಿದ್ಯುತ್ತಿನದು, ಹಾಗಾಗಿ ಅದು ಧನ ತುದಿಯ ಕಡೆ ಓಡುತ್ತದೆ. ಗಿಡ್ಡ ತುಣುಕು ಬೇಗ, ಉದ್ದದ್ದು ನಿಧಾನ. ಕೊನೆಗೆ ಯುವಿ ಬೆಳಕಿನಲ್ಲಿ ಇಟ್ಟಾಗ ಕಿತ್ತಳೆ ಬಣ್ಣದ ಗೆರೆಗಳು ಮೂಡುತ್ತವೆ. ಇದಕ್ಕೆಲ್ಲ ಅರ್ಧ ದಿನ ಹೋಗುತ್ತದೆ. ಆ ಅರ್ಧ ದಿನ ನಿಮಗೆ ಬೇಸರ ತರಿಸದಿದ್ದರೆ ಈ ಡಿಗ್ರಿ ನಿಮಗೆ ಹೊಂದುತ್ತದೆ. ಬೇರೆ ಯಾವ ಪರೀಕ್ಷೆಯೂ ಬೇಡ ಅಂತ ನನ್ನ ಅಭಿಪ್ರಾಯ.

ಲ್ಯಾಬ್ ಬೆಂಚು, ಕಾರವಾರ

ಎಂಎಲ್‌ಟಿ, ಅಂದರೆ ನೀವು ಹೇಳಿದ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದಿ ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಮಾಡುವವನು ನಾನು. ವ್ಯತ್ಯಾಸ ಕೇಳಿದ್ದೀರಿ, ನೇರವಾಗಿ ಹೇಳುತ್ತೇನೆ. ಬಿಎಸ್ಸಿ ಎಂಎಲ್‌ಟಿ ಓದಿದರೆ ಒಂದು ವೃತ್ತಿ ಕೈಗೆ ಬರುತ್ತದೆ. ಆಸ್ಪತ್ರೆಯವರು ಲ್ಯಾಬಿಗೆ ಜನ ತಗೊಳ್ಳುವಾಗ ಎಂಎಲ್‌ಟಿ ಕೇಳುತ್ತಾರೆ. 2021ರಲ್ಲಿ ಅಲೈಡ್ ಹೆಲ್ತ್ ಕೋರ್ಸುಗಳಿಗೆ ಕೇಂದ್ರದ ಕಾಯಿದೆ ಬಂದ ಮೇಲೆ ನೋಂದಣಿಯ ವಿಷಯ ಇನ್ನೂ ಬಿಗಿಯಾಗುತ್ತಿದೆ. ಬಯೋಮೆಡಿಕಲ್ ಸೈನ್ಸ್ ಓದಿದವರಿಗೆ ವಿಷಯ ಆಳವಾಗಿ ಗೊತ್ತಿರಬಹುದು, ಆದರೆ ಅದೇ ಆಸ್ಪತ್ರೆ ಹುದ್ದೆಗೆ ಅವರ ಡಿಗ್ರಿ ತಾನಾಗಿಯೇ ನಡೆಯುತ್ತದೆ ಅಂತ ತಿಳಿಯಬೇಡಿ. ಸೇರೋ ಮೊದಲೇ ಇದು ಗೊತ್ತಿರಬೇಕು.

ಹಾಗಂತ ನಮ್ಮದು ಸುಮ್ನೆ ಬಟನ್ ಒತ್ತೋ ಕೆಲಸ ಅಂದುಕೊಳ್ಳಬೇಡಿ. ಬೆಳಿಗ್ಗೆ ರೋಗಿಗಳ ಮಾದರಿ ಹಾಕೋ ಮೊದಲು ಉತ್ತರ ಗೊತ್ತಿರೋ ಕಂಟ್ರೋಲ್ ಮಾದರಿ ಓಡಿಸುತ್ತೇವೆ. ಅದು ಸರಿ ಬಂದರೆ ಮಾತ್ರ ಮುಂದೆ. ರಕ್ತ ಎಳೆಯುವಾಗ ಕೆಂಪು ಕಣ ಒಡೆದರೆ ಒಳಗಿನ ಪೊಟ್ಯಾಸಿಯಂ ಹೊರಗೆ ಬಂದು, ರೋಗಿಗೆ ಇಲ್ಲದ ತೊಂದರೆ ಕಾಗದದ ಮೇಲೆ ಕಾಣಿಸುತ್ತದೆ. ಮಷಿನ್ ಅದನ್ನು ಹಾಗೇ ಅಚ್ಚು ಹಾಕಿ ಕೊಡಬಹುದು. ಟ್ಯೂಬನ್ನು ಬೆಳಕಿಗೆ ಹಿಡಿದು, ಸೀರಂ ಕೆಂಪಗಿದೆ, ಮತ್ತೆ ರಕ್ತ ತೆಗೀರಿ ಅನ್ನೋನು ಮನುಷ್ಯ. ಜೋಯಿಡಾ ಕಡೆಯ ಹಳ್ಳಿಯಿಂದ ಮಾದರಿ ಘಟ್ಟ ಇಳಿದು ಬರೋ ಹೊತ್ತಿಗೆ ಟ್ಯೂಬಿನೊಳಗಿನ ಜೀವಕೋಶಗಳು ಸಕ್ಕರೆಯನ್ನು ತಿಂದುಕೊಂಡೇ ಇರುತ್ತವೆ. ಅದಕ್ಕೇ ಶುಗರ್ ಟೆಸ್ಟಿಗೆ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಟ್ಯೂಬ್ ಬೇಕು.

ಮನೆಗೆ ಬೇಗ ಸಂಬಳ ಬೇಕು, ಊರ ಹತ್ತಿರ ಇರಬೇಕು ಅಂದರೆ ಎಂಎಲ್‌ಟಿ ಒಳ್ಳೆಯದು. ಉಣ್ಣಿ ಕಚ್ಚಿದವರಲ್ಲಿ ಕೆಲವರಿಗೇ ಯಾಕೆ ಜೋರಾಗುತ್ತೆ ಅಂತ ಹುಡುಕಬೇಕು ಅಂದರೆ ನೀವು ಕೇಳಿದ ದಾರಿಯೇ ಸರಿ.

ಅಂಕೋಲೆಯ ಅಪ್ಪ

ನನ್ನ ಮಗಳೂ ಇದೇ ವಯಸ್ಸಿನವಳು. ಹಾಗಾಗಿ ಕೇಳುತ್ತಿದ್ದೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಮೂರು ವರ್ಷ ದೆಹಲಿಯಲ್ಲಿ ಓದಿಸಿ, ಅದು ಮುಗಿದ ಮೇಲೆ ಆಸ್ಪತ್ರೆ ಲ್ಯಾಬಿಗೂ ನಡೆಯಲ್ಲ, ಡಾಕ್ಟರೂ ಅಲ್ಲ ಅಂದರೆ ಪೋಷಕರು ಏನು ಮಾಡಬೇಕು? ಆಸೆ ಇದೆ, ಸರಿ. ಹಾಸ್ಟೆಲ್ ಬಾಡಿಗೆ ಆಸೆಯಿಂದ ಕಟ್ಟಲಿಕ್ಕೆ ಆಗೋದಿಲ್ಲ.

ಸಿದ್ದಾಪುರದವ, ಬೆಂಗಳೂರು

ಅಂಕೋಲೆಯವರೇ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ವೈರಾಲಜಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಈ ಡಿಗ್ರಿ ಒಂದನ್ನೇ ಹಿಡಿದುಕೊಂಡು ನಿಂತರೆ ಕೈಗೆ ಸಿಗೋದು ಕಡಿಮೆ. ಔಷಧ ಕಂಪನಿಯ ಕ್ವಾಲಿಟಿ ವಿಭಾಗ, ಕ್ಲಿನಿಕಲ್ ಟ್ರಯಲ್‌ಗಳ ಮಾಹಿತಿ ನೋಡಿಕೊಳ್ಳೋ ಕೆಲಸ, ಡಯಾಗ್ನೋಸ್ಟಿಕ್ ಕಿಟ್ ಮಾರಾಟ, ಇಂಥವು ಸಿಗುತ್ತವೆ. ಶುರುವಿನಲ್ಲಿ ಸಂಬಳ ದೊಡ್ಡದಲ್ಲ. ಇದು ಎರಡನೇ ಡಿಗ್ರಿಯನ್ನು ಲೆಕ್ಕಕ್ಕೆ ಹಿಡಿದೇ ಸೇರಬೇಕಾದ ಓದು.

ಆದರೆ ಎರಡನೇ ಡಿಗ್ರಿಯಿಂದ ಮುಂದೆ ಮನೆಯವರೇ ಎಲ್ಲ ಖರ್ಚು ಹೊರಬೇಕು ಅಂತಿಲ್ಲ. ಜಾಮ್ ಪರೀಕ್ಷೆ ಬರೆದರೆ ಐಐಟಿಗಳ ಎಂಎಸ್ಸಿ, ನಮ್ಮ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿ. ಗ್ಯಾಟ್-ಬಿ ಬರೆದರೆ ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ ಬೆಂಬಲಿಸೋ ಎಂಎಸ್ಸಿಗಳು, ಅವುಗಳಲ್ಲಿ ತಿಂಗಳಿಗೆ ಸ್ವಲ್ಪ ಹಣವನ್ನೂ ಕೊಡುತ್ತಾರೆ. ಎಂಎಸ್ಸಿ ಆದ ಮೇಲೆ ಸಿಎಸ್‌ಐಆರ್ ಅಥವಾ ಐಸಿಎಂಆರ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡೋರಿಗೆ ಕೊಡೋ ಫೆಲೋಶಿಪ್) ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಪಿಎಚ್‌ಡಿ ಮಾಡುತ್ತಾ ಆ ಹಣದಲ್ಲಿ ಬದುಕಬಹುದು, ಮನೆಗೂ ಸ್ವಲ್ಪ ಕಳಿಸಬಹುದು. ಕಳಿಸುತ್ತಿರುವವರನ್ನು ನೋಡಿದ್ದೇನೆ.

ಈಗ ಶಿರಸಿಯ ತಂಗಿಯ ಪ್ರಶ್ನೆಗೆ. ಈ ಮಂಗನ ಕಾಯಿಲೆಯಿಂದಲೇ ನಾನೂ ಈ ದಾರಿ ಹಿಡಿದದ್ದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಈ ವೈರಸ್ ಸಿಕ್ಕಿತು. ಕ್ಯಾಸನೂರು ನಮ್ಮ ತಾಲೂಕಿನ ಗಡಿಯಿಂದ ದೂರ ಏನಲ್ಲ. 2024ರ ಆರಂಭದಲ್ಲಿ ಸಿದ್ದಾಪುರದಲ್ಲಿ ಹೇಗೆ ಹಬ್ಬಿತ್ತು ಅಂತ ಇಲ್ಲಿರೋ ಎಲ್ಲರಿಗೂ ನೆನಪಿರುತ್ತದೆ.

ಜ್ವರ ಬಂದವರ ರಕ್ತ ಲ್ಯಾಬಿಗೆ ಹೋದ ಮೇಲೆ ಏನಾಗುತ್ತದೆ ಅಂತ ಕೇಳಿ, ನೀವು ಓದೋ ವಿಷಯಗಳೆಲ್ಲ ಅಲ್ಲಿ ಒಟ್ಟಿಗೆ ಸಿಗುತ್ತವೆ. ಮಾದರಿ ತಣ್ಣಗಿನ ಡಬ್ಬಿಯಲ್ಲಿ ಬರುತ್ತದೆ. ಇದು ಲ್ಯಾಬಿನವರಿಗೇ ತಗಲಬಲ್ಲ ವೈರಸ್, ಹಾಗಾಗಿ ಮುಚ್ಚಿದ ಕ್ಯಾಬಿನೆಟ್ಟಿನ ಒಳಗೇ ತೆರೆಯಬೇಕು. ಮೊದಲ ಕೆಲಸ ಲೈಸಿಸ್ ಬಫರ್ ಸೇರಿಸೋದು. ಅದು ವೈರಸ್ಸಿನ ಹೊದಿಕೆಯನ್ನು ಒಡೆಯುತ್ತದೆ, ಅಲ್ಲಿಗೆ ಅದು ಸೋಂಕು ಹಬ್ಬಿಸೋ ಶಕ್ತಿ ಕಳೆದುಕೊಳ್ಳುತ್ತದೆ. ಒಳಗಿರೋ ಆರ್‌ಎನ್‌ಎ ಹೊರಗೆ ಬರುತ್ತದೆ, ಸುಮಾರು 11 ಸಾವಿರ ಅಕ್ಷರಗಳ ಒಂದೇ ಎಳೆ. ಇದನ್ನು ಗುರುತಿಸೋಕೆ ಪಿಸಿಆರ್ ಅನ್ನೋ ನಕಲು ತೆಗೆಯೋ ವಿಧಾನ ಬೇಕು, ಅದು ಡಿಎನ್‌ಎಯನ್ನು ಮಾತ್ರ ಹೆಚ್ಚಿಸಬಲ್ಲದು, ಆದ್ದರಿಂದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅನ್ನೋ ಎಂಜೈಮಿನಿಂದ ಆರ್‌ಎನ್‌ಎಯನ್ನು ಡಿಎನ್‌ಎಗೆ ಬದಲಿಸುತ್ತೇವೆ. ಆಮೇಲೆ ಬಿಸಿ, ತಣ್ಣಗೆ, ಬಿಸಿ, ತಣ್ಣಗೆ. ಪ್ರತಿ ಸುತ್ತಿಗೂ ಎರಡು ಪಟ್ಟು. ವೈರಸ್ ಇದ್ದರೆ ಪರದೆಯ ಮೇಲೆ ಗೆರೆ ಏಳುತ್ತದೆ.

ಆದರೆ ಇದು ಜ್ವರದ ಮೊದಲ ದಿನಗಳಲ್ಲಿ ಮಾತ್ರ. ವಾರ ಕಳೆದು ಆಸ್ಪತ್ರೆಗೆ ಬಂದರೆ ರಕ್ತದಲ್ಲಿ ವೈರಸ್ ಇಳಿದಿರುತ್ತದೆ, ಪಿಸಿಆರ್ ನೆಗೆಟಿವ್ ಬರಬಹುದು. ಆಗ ದೇಹ ತಯಾರಿಸಿದ ಐಜಿಎಂ ಆಂಟಿಬಾಡಿ ಹುಡುಕಬೇಕು, ಅದಕ್ಕೆ ಎಲೈಸಾ ಅನ್ನೋ ಪರೀಕ್ಷೆ. ಯಾವ ದಿನದ ರಕ್ತ ಅಂತ ಗೊತ್ತಿಲ್ಲದೆ ವರದಿಗೆ ಅರ್ಥವೇ ಇಲ್ಲ. ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಬರುತ್ತದೆ. ಎರಡನೇ ಸಲ ತಲೆನೋವು, ಮಂಪರು, ನಡುಕ. ಯಾರಿಗೆ ಹೀಗಾಗುತ್ತದೆ, ಯಾರಿಗೆ ಆಗೋದಿಲ್ಲ ಅನ್ನೋದಕ್ಕೆ ಪೂರ್ತಿ ಉತ್ತರ ಇಲ್ಲ. ನೀವು ಮನೆಯಲ್ಲಿ ಕೇಳಿದ ಪ್ರಶ್ನೆ ಲ್ಯಾಬುಗಳಲ್ಲಿ ಇವತ್ತೂ ಕೇಳೋ ಪ್ರಶ್ನೆ. ಮೊದಲು ಕೊಡುತ್ತಿದ್ದ ಲಸಿಕೆ ಫಾರ್ಮಲಿನ್‌ನಿಂದ ಸಾಯಿಸಿದ ವೈರಸ್ಸಿನದು. ಮತ್ತೆ ಮತ್ತೆ ಬೂಸ್ಟರ್ ಬೇಕಿತ್ತು, ಕಾಪಾಡೋ ಶಕ್ತಿ ಕಡಿಮೆ ಅಂತ ಕೊನೆಗೆ ನಿಲ್ಲಿಸಿದರು. ಹೊಸದರ ಕೆಲಸ ನಡೆಯುತ್ತಿದೆ. ಅದನ್ನು ಮಾಡೋರು ಡಾಕ್ಟರುಗಳಷ್ಟೇ ಅಲ್ಲ, ಇಂಥ ಡಿಗ್ರಿಗಳಿಂದ ಬಂದವರೂ ಇದ್ದಾರೆ.

ಹೊನ್ನಾವರದ ಹಳೆ ಮೇಷ್ಟ್ರು

ಬಹಳ ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನು ನಾನು. ಚರ್ಚೆ ಚೆನ್ನಾಗಿದೆ. ಆದರೆ ಎಲ್ಲರೂ ದೆಹಲಿ ದೆಹಲಿ ಅನ್ನುತ್ತಿದ್ದೀರಿ. ನಮ್ಮ ಜಿಲ್ಲೆಯಲ್ಲೇ ಬಿಎಸ್ಸಿ ಕಾಲೇಜುಗಳಿವೆ ಅಲ್ವಾ? ಕಾರವಾರ, ಕುಮಟಾ, ಹೊನ್ನಾವರ, ಶಿರಸಿ, ಭಟ್ಕಳ, ಎಲ್ಲ ಕಡೆ. ಕೆಮಿಸ್ಟ್ರಿ ಜೊತೆ ಜೂವಾಲಜಿ ಓದಿ ಮುಂದೆ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಎಂಎಸ್ಸಿಗೆ ಧಾರವಾಡಕ್ಕೆ ಹೋದವರು, ಅಲ್ಲಿಂದ ಪರದೇಶಕ್ಕೆ ಹೋಗಿ ಕ್ಯಾನ್ಸರ್ ಮೇಲೆ ಸಂಶೋಧನೆ ಮಾಡುತ್ತಿರುವವರು ನನ್ನ ವಿದ್ಯಾರ್ಥಿಗಳಲ್ಲೇ ಇದ್ದಾರೆ. ಜಾಮ್ ಬರೆಯೋಕೆ ಡಿಗ್ರಿಯ ಹೆಸರು ಬಯೋಮೆಡಿಕಲ್ ಅಂತಲೇ ಇರಬೇಕು ಎಂದೇನೂ ಇಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಅಲ್ಲಿಗೆ ಬೇರೆ ಕಡೆಯವರು ಹುಡುಕಿಕೊಂಡು ಬರುತ್ತಾರೆ, ನಮ್ಮ ಮಕ್ಕಳಿಗೆ ಅದು ಇರೋದೇ ಗೊತ್ತಿಲ್ಲ. ನಿಮ್ಮ ಅಗರೋಸ್ ಬರೋದೂ ಕೆಂಪು ಕಡಲಪಾಚಿಯಿಂದಲೇ.

ಅಡಿಪಾಯ ಗಟ್ಟಿ ಇದ್ದರೆ ಹತ್ತಿರದ ಕಾಲೇಜೂ ಅಡ್ಡಿಲ್ಲ. ಮನೆಯ ಊಟ, ಕಡಿಮೆ ಫೀಸು, ಉಳಿದ ಸಮಯದಲ್ಲಿ ಓದು.

ಕುಮಟಾದವಳು, ಈಗ ದೆಹಲಿ

ಸರ್, ಗೌರವದಿಂದಲೇ ಹೇಳುತ್ತೇನೆ, ಅರ್ಧ ಒಪ್ಪುತ್ತೇನೆ. ಹೆಸರು ಮುಖ್ಯ ಅಲ್ಲ ಅನ್ನೋದು ನಿಜ. ಆದರೆ ಉಪಕರಣ ಮುಖ್ಯ. ಒಂದು ಪಿಸಿಆರ್ ಮಷಿನ್ ಸುತ್ತ ಇಡೀ ಕ್ಲಾಸ್ ನಿಂತು ಮೇಷ್ಟ್ರು ಮಾಡೋದನ್ನು ನೋಡೋದು ಬೇರೆ, ತಾನೇ ಟ್ಯೂಬ್ ಹಿಡಿದು ಮಾಡೋದು ಬೇರೆ. ಮೈಕ್ರೋಪಿಪೆಟ್ಟಿನ ಗುಂಡಿಗೆ ಎರಡು ತಡೆ ಇರುತ್ತವೆ. ಮೊದಲ ತಡೆಯವರೆಗೆ ಒತ್ತಿ ದ್ರವ ಎಳೆಯಬೇಕು, ಹೊರಗೆ ಬಿಡುವಾಗ ಎರಡನೇ ತಡೆಯವರೆಗೆ. ಎಳೆಯುವಾಗಲೇ ಎರಡನೆಯದಕ್ಕೆ ಹೋದರೆ ಅಳತೆ ಕೆಡುತ್ತದೆ, ಆಮೇಲೆ ಬರೋ ಎಲ್ಲ ಫಲಿತಾಂಶವೂ ಕೆಡುತ್ತದೆ. ಇದನ್ನು ಹೆಬ್ಬೆರಳು ಕಲಿಯಬೇಕು. ಪುಸ್ತಕದಿಂದ ಬರೋದಿಲ್ಲ.

ಹಾಗಾಗಿ ನಾನು ಹೇಳೋದು: ಯಾವ ಕಾಲೇಜಾದರೂ ಇರಲಿ, ಸೇರೋ ಮೊದಲು ಅಲ್ಲಿನ ಎರಡನೇ ವರ್ಷದವರನ್ನು ಹಿಡಿದು ಕೇಳಿ. ವಾರಕ್ಕೆ ಪ್ರಾಕ್ಟಿಕಲ್ ಎಷ್ಟು ಗಂಟೆ ನಿಜವಾಗಿ ನಡೆಯುತ್ತೆ? ಒಂದು ಬೆಂಚಿಗೆ ಎಷ್ಟು ಜನ? ಹೋದ ಸೆಮಿಸ್ಟರಿನಲ್ಲಿ ನೀವೇ ಕೈಯಾರೆ ಮಾಡಿದ್ದು ಏನು? ಉತ್ತರ ತಡವರಿಸಿದರೆ ಗೊತ್ತಾಗುತ್ತದೆ.

ಹೊನ್ನಾವರದ ಹಳೆ ಮೇಷ್ಟ್ರು

ಈ ಮಾತು ಒಪ್ಪಿದೆ. ಉಪಕರಣದ ಕೊರತೆ ನಮ್ಮ ಕಾಲೇಜುಗಳ ದೊಡ್ಡ ನೋವು. ಊರಲ್ಲೇ ಓದೋ ಮಕ್ಕಳು ಮೂರು ಸೈನ್ಸ್ ಅಕಾಡೆಮಿಗಳು ಒಟ್ಟಿಗೆ ಕೊಡೋ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೆ ಅರ್ಜಿ ಹಾಕಲೇಬೇಕು. ಆಯ್ಕೆಯಾದರೆ ಎರಡು ತಿಂಗಳು ದೇಶದ ಯಾವುದೋ ಒಳ್ಳೆಯ ಲ್ಯಾಬಿನಲ್ಲಿ ನಿಜವಾದ ಕೆಲಸ, ಜೊತೆಗೆ ಸ್ವಲ್ಪ ಹಣ. ನಮ್ಮ ಕಡೆಯ ಮಕ್ಕಳು ಅರ್ಜಿಯನ್ನೇ ಹಾಕೋದಿಲ್ಲ. ಇದು ನನಗೆ ಬಹಳ ಬೇಸರದ ಸಂಗತಿ.

ಬನವಾಸಿ ರಸ್ತೆ, ಶಿರಸಿ

ಎಲ್ಲರಿಗೂ ಧನ್ಯವಾದ. ಇಷ್ಟು ಉತ್ತರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಸಿದ್ದಾಪುರದ ಅಣ್ಣ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. "ರಕ್ತ ಯಾವ ದಿನ ಕೊಟ್ಟರು ಅನ್ನೋದು ಅಷ್ಟು ಮುಖ್ಯವಾ" ಅಂತ ಕೇಳಿ, ಪೂರ್ತಿ ಕೇಳಿಸಿಕೊಂಡರು.

ಇನ್ನೂ ಎರಡು ಪ್ರಶ್ನೆ. ಪ್ರಾಣಿಗಳನ್ನು ಕೊಯ್ಯಬೇಕಾಗುತ್ತಾ? ನಮ್ಮ ಅಜ್ಜಿಗೆ ಅದೊಂದೇ ಚಿಂತೆ, ನನಗೂ ಸ್ವಲ್ಪ ಇದೆ. ಮತ್ತೆ ಕರ್ನಾಟಕದಲ್ಲಿ ಡಿಗ್ರಿ ಮೂರು ವರ್ಷ, ದೆಹಲಿಯಲ್ಲಿ ನಾಲ್ಕು ಅಂತ ಒಬ್ಬರು ಹೇಳಿದರು. ಇದರಿಂದ ಏನಾದರೂ ವ್ಯತ್ಯಾಸ ಆಗುತ್ತಾ?

ಸಿದ್ದಾಪುರದವ, ಬೆಂಗಳೂರು

ಡಿಗ್ರಿ ಮಟ್ಟದಲ್ಲಿ ಪ್ರಾಣಿ ಕೊಯ್ಯೋದನ್ನು ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಯುಜಿಸಿ 2014ರಲ್ಲೇ ನಿಲ್ಲಿಸಿದೆ. ಮಾದರಿಗಳು, ಸ್ಲೈಡುಗಳು, ಕಂಪ್ಯೂಟರ್ ತೋರಿಸಿ ಕಲಿಸುತ್ತಾರೆ. ಮುಂದೆ ಸಂಶೋಧನೆಗೆ ಬಂದರೆ ಕೆಲವು ವಿಷಯಗಳಲ್ಲಿ ಇಲಿಗಳ ಮೇಲೆ ಕೆಲಸ ಇರುತ್ತದೆ. ಅದನ್ನು ಮುಚ್ಚಿಡೋದು ಸರಿಯಲ್ಲ. ಪ್ರತಿ ಪ್ರಯೋಗಕ್ಕೂ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪಬೇಕು. ಎಷ್ಟು ಪ್ರಾಣಿ, ಯಾಕೆ, ನೋವು ಕಡಿಮೆ ಮಾಡೋದು ಹೇಗೆ, ಪ್ರಾಣಿ ಇಲ್ಲದೆ ಮಾಡಲಿಕ್ಕಾಗದಾ ಅಂತ ಬರೆದು ಕೊಡಬೇಕು. ಬೇಡ ಅನ್ನೋರಿಗೆ ಜೀವಕೋಶಗಳನ್ನು ಬೆಳೆಸಿ ಮಾಡೋ ಕೆಲಸ ಇದೆ, ಕಂಪ್ಯೂಟರಿನಲ್ಲಿ ಜೀನುಗಳ ಮಾಹಿತಿ ವಿಶ್ಲೇಷಿಸೋ ಕೆಲಸ ಇದೆ. ಎರಡನೆಯದಕ್ಕೆ ಈಗ ಜನ ಸಾಲುತ್ತಿಲ್ಲ. ನೀವು ಪಿಸಿಎಂಬಿ, ಗಣಿತ ಬಿಟ್ಟಿಲ್ಲ. ಅದು ದೊಡ್ಡ ಲಾಭ.

ವರ್ಷದ ಲೆಕ್ಕ: ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದ್ಧತಿ ತಂದು, 2024-25ರಿಂದ ಮತ್ತೆ ಮೂರಕ್ಕೆ ಬಂತು. ದೆಹಲಿಯಲ್ಲಿ ನಾಲ್ಕನೇ ವರ್ಷ ಐಚ್ಛಿಕ. ಮೂರಕ್ಕೇ ಹೊರಬಂದು ಎಂಎಸ್ಸಿ ಸೇರಬಹುದು. ನಾಲ್ಕು ಮುಗಿಸಿ 75 ಶೇಕಡಾ ಇದ್ದರೆ, 2022ರ ಯುಜಿಸಿ ನಿಯಮದಲ್ಲಿ ಎಂಎಸ್ಸಿ ಇಲ್ಲದೆ ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಮೂರು ವರ್ಷ ಓದಿ ಎಂಎಸ್ಸಿ ಮಾಡಿದವರಿಗೆ ಬಾಗಿಲು ಮುಚ್ಚಿದೆ ಅಂತ ಅಲ್ಲ. ಎಂಎಸ್ಸಿ ಮಾಡೋದರಿಂದ ಯಾವ ವಿಷಯ ತನಗೆ ಒಗ್ಗುತ್ತೆ ಅಂತ ನೋಡೋಕೆ ಸಮಯವೂ ಸಿಗುತ್ತದೆ.

ಯಲ್ಲಾಪುರ ತೋಟ

ನಾನು ಓದಿದವನಲ್ಲ, ತೋಟ ಮಾಡಿಕೊಂಡಿರೋನು. ಆದರೆ ಒಂದು ಕೇಳಬೇಕು. ನಮ್ಮ ತೋಟದಲ್ಲಿ ಒಣ ಎಲೆ ಬಣ್ಣದ, ಮೂಗಿನ ತುದಿ ಮೇಲೆದ್ದ ಸಣ್ಣ ಮಂಡಲದ ಹಾವು ಇದೆ. ಕೆಲಸದವರೊಬ್ಬರಿಗೆ ಕಚ್ಚಿತು. ಆಸ್ಪತ್ರೆಯಲ್ಲಿ ಇದಕ್ಕೆ ಇಂಜೆಕ್ಷನ್ ಇಲ್ಲ ಅಂದರು. ಹಾವಿನ ಇಂಜೆಕ್ಷನ್ ಅಂದರೆ ಎಲ್ಲ ಹಾವಿಗೂ ಒಂದೇ ಅಲ್ವಾ? ಈ ಓದಿನವರು ಇಂಥದ್ದನ್ನೂ ನೋಡುತ್ತಾರಾ?

ಸಿದ್ದಾಪುರದವ, ಬೆಂಗಳೂರು

ಹೌದು, ಇದು ಇದೇ ಓದಿನ ವಿಷಯ. ನೀವು ಹೇಳೋದು ಹಂಪ್‌ನೋಸ್ಡ್ ಪಿಟ್ ವೈಪರ್ ಇರಬೇಕು, ಗುಳಿಮಂಡಲದ ಜಾತಿ. ನಮ್ಮ ದೇಶದಲ್ಲಿ ಸಿಗೋ ಪ್ರತಿವಿಷ 4 ಹಾವುಗಳ ವಿಷದಿಂದ ತಯಾರಾಗುತ್ತದೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟೋ ಆಂಟಿಬಾಡಿ ತೆಗೆಯುತ್ತಾರೆ. ಆಂಟಿಬಾಡಿ ತಾನು ಕಂಡ ವಿಷವನ್ನಷ್ಟೇ ಗುರುತಿಸುತ್ತದೆ. ಈ ಹಾವಿನ ವಿಷವನ್ನು ಆ ಕುದುರೆ ಕಂಡೇ ಇಲ್ಲ. ಆದ್ದರಿಂದ ಆ ಇಂಜೆಕ್ಷನ್ ಇದಕ್ಕೆ ನಡೆಯೋದಿಲ್ಲ. ಕೆಲವರಿಗೆ ಕಚ್ಚಿದ ಜಾಗ ಊದಿ ಇಳಿಯುತ್ತದೆ, ಕೆಲವರಿಗೆ ರಕ್ತ ಹೆಪ್ಪುಗಟ್ಟೋದು ತಪ್ಪಿ ಕಿಡ್ನಿಗೆ ತೊಂದರೆ ಆಗುತ್ತದೆ. ಆದ್ದರಿಂದ ಸಣ್ಣ ಹಾವು ಅಂತ ಮನೆಯಲ್ಲಿ ಉಳಿಯಬಾರದು, ಆಸ್ಪತ್ರೆಗೆ ಹೋಗಿ ನಿಗಾದಲ್ಲಿ ಇರಬೇಕು. ಪಶ್ಚಿಮ ಘಟ್ಟದ ತೋಟದವರ ಸಮಸ್ಯೆ ಇದು. ತೋಟದಿಂದ ಬಂದ ಮಕ್ಕಳೇ ಇದನ್ನು ಎತ್ತಿಕೊಂಡರೆ ಎಷ್ಟು ಚೆನ್ನ.

ಭಟ್ಕಳದವಳು, ಈಗ ಇಂಗ್ಲೆಂಡ್

ಹೊರದೇಶದ ಆಸೆ ಇರೋರಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಬಯೋಮೆಡಿಕಲ್ ಸೈನ್ಸ್ ದೊಡ್ಡ ಡಿಗ್ರಿ, ಸಾಮಾನ್ಯವಾಗಿ 3 ವರ್ಷ. ಇಲ್ಲಿ ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಮಾಡೋರನ್ನೇ ಬಯೋಮೆಡಿಕಲ್ ಸೈಂಟಿಸ್ಟ್ ಅನ್ನೋದು. ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ, ಎಚ್‌ಸಿಪಿಸಿ ಅನ್ನೋ ಇಲ್ಲಿನ ನೋಂದಣಿ ಸಂಸ್ಥೆಯಲ್ಲಿ ಹೆಸರು ಇಲ್ಲದೆ ಯಾರೂ ಹಾಗೆ ಕರೆದುಕೊಳ್ಳೋ ಹಾಗಿಲ್ಲ. ಅದಕ್ಕೆ ಐಬಿಎಂಎಸ್ (ಈ ವೃತ್ತಿಯವರ ಸಂಸ್ಥೆ) ಮಾನ್ಯತೆ ಇರೋ ಡಿಗ್ರಿ, ಜೊತೆಗೆ ಒಪ್ಪಿಗೆ ಪಡೆದ ಲ್ಯಾಬಿನಲ್ಲಿ ತರಬೇತಿ ಮಾಡಿ ಒಂದು ಪೋರ್ಟ್‌ಫೋಲಿಯೊ ತುಂಬಬೇಕು. ಎಲ್ಲ ವಿಶ್ವವಿದ್ಯಾಲಯದ ಬಯೋಮೆಡಿಕಲ್ ಡಿಗ್ರಿಗೂ ಆ ಮಾನ್ಯತೆ ಇರೋದಿಲ್ಲ. ಏಜೆಂಟರು ಇದನ್ನು ಹೇಳೋದಿಲ್ಲ. ಅಪ್ಪ ಅಮ್ಮ ತೋಟ ಅಡವಿಟ್ಟು ಕಳಿಸೋ ಮೊದಲು ಐಬಿಎಂಎಸ್ ಪಟ್ಟಿಯಲ್ಲಿ ಕೋರ್ಸಿನ ಹೆಸರನ್ನೇ ಹುಡುಕಿ ನೋಡಿ. ಭಾರತದಲ್ಲಿ ಓದಿ ಲ್ಯಾಬಿನಲ್ಲಿ ಅನುಭವ ಇರೋರಿಗೆ ಎಚ್‌ಸಿಪಿಸಿಯ ಅಂತರರಾಷ್ಟ್ರೀಯ ಅರ್ಜಿ ಬೇರೆ ಇದೆ. ನೀವು ಏನು ಓದಿದ್ದೀರಿ, ಏನು ಮಾಡಿದ್ದೀರಿ ಅಂತ ಒಂದೊಂದಾಗಿ ನೋಡುತ್ತಾರೆ. ಆ ದಾರಿಯಲ್ಲಿ ಕಾರವಾರದವರು ಹೇಳಿದ ಎಂಎಲ್‌ಟಿ ಅನುಭವಕ್ಕೆ ಒಳ್ಳೆಯ ಬೆಲೆ ಇದೆ.

ಅಂಕೋಲೆಯ ಅಪ್ಪ

ಎಲ್ಲ ಓದಿದೆ. ಮಗಳೂ ಓದಿದಳು. ಎರಡನೇ ಡಿಗ್ರಿ ಲೆಕ್ಕಕ್ಕೆ ಹಿಡಿದೇ ಹೋಗಬೇಕು ಅನ್ನೋದು ಯಾರಾದರೂ ಮೊದಲೇ ಹೇಳಿದರೆ ಪೋಷಕರಿಗೆ ಅರ್ಧ ಭಯ ಹೋಗುತ್ತದೆ. ಐದು ವರ್ಷದ ಖರ್ಚು ಅಂತ ಗೊತ್ತಿದ್ದರೆ ಯೋಚನೆ ಮಾಡಬಹುದು. ಒಂದು ಕೇಳೋದಿತ್ತು. ನೀಟ್ ಫಲಿತಾಂಶ ಬಂದ ಮೇಲೆ ದೆಹಲಿಗೆ ಅರ್ಜಿ ಹಾಕಿದರೆ ಸಾಕಾ?

ಕುಮಟಾದವಳು, ಈಗ ದೆಹಲಿ

ಸಾಲೋದಿಲ್ಲ, ದಯವಿಟ್ಟು ಕಾಯಬೇಡಿ! ದೆಹಲಿ ಪ್ರವೇಶ 2022ರಿಂದ ಸಿಯುಇಟಿ ಅನ್ನೋ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ಅಂಕದ ಮೇಲೆ. ಅದರ ಅರ್ಜಿ ವರ್ಷದ ಮೊದಲ ತಿಂಗಳುಗಳಲ್ಲೇ ತೆರೆದು ಮುಚ್ಚಿಹೋಗುತ್ತದೆ. ನೀಟ್ ಫಲಿತಾಂಶ ಬರೋ ಹೊತ್ತಿಗೆ ಪರೀಕ್ಷೆಯೇ ಮುಗಿದಿರುತ್ತದೆ. ಪ್ರತಿ ವರ್ಷ ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಇಲ್ಲೇ ತಪ್ಪಿಹೋಗೋದು. ನೀಟ್ ಅರ್ಜಿ ಹಾಕೋವಾಗಲೇ ಇದನ್ನೂ ಹಾಕಿ. ಒಂದು ಭಾಷೆ, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಆರಿಸಬೇಕು. ಇದರಲ್ಲಿ ಒಂದು ಬಿಟ್ಟರೂ ಈ ಕೋರ್ಸಿಗೆ ಅರ್ಹತೆ ಹೋಗುತ್ತದೆ. ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ತಗೊಳ್ಳಬಹುದು. ಓದಬೇಕಾದದ್ದು ನೀಟ್‌ಗೆ ಓದೋ ಎನ್‌ಸಿಇಆರ್‌ಟಿ ಪುಸ್ತಕವೇ, ಬೇರೆ ಕೋಚಿಂಗ್ ಬೇಡ. ಪಾಠ ಮಾತ್ರ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್ ಕಷ್ಟ, ಆಮೇಲೆ ಸರಿಹೋಗುತ್ತದೆ.

ಬನವಾಸಿ ರಸ್ತೆ, ಶಿರಸಿ

ಹಾಗಾದರೆ ನಾನು ಮೂರೂ ಅರ್ಜಿ ಹಾಕುತ್ತೇನೆ: ನೀಟ್, ಸಿಯುಇಟಿ, ಮತ್ತೆ ಊರಿನ ಬಿಎಸ್ಸಿಗೆ ಬೇಕಾದದ್ದು. ಅಪ್ಪ ಒಪ್ಪಿದ್ದಾರೆ. ಅಮ್ಮನಿಗೆ ದೂರದ ಚಿಂತೆ. ದೆಹಲಿಗೆ ಇಲ್ಲಿಂದ ಹೇಗೆ ಹೋಗೋದು, ಹಾಸ್ಟೆಲ್ ಸಿಗುತ್ತಾ ಅಂತ ಕೇಳುತ್ತಿದ್ದಾರೆ.

ಕುಮಟಾದವಳು, ಈಗ ದೆಹಲಿ

ಅಮ್ಮನಿಗೆ ಹೇಳಿ, ಮಂಗಳಾ ಎಕ್ಸ್‌ಪ್ರೆಸ್ ಪ್ರತಿದಿನ ಇದೆ, ಕಾರವಾರದಲ್ಲಿ ಹತ್ತಿದರೆ ನೇರ ನಿಜಾಮುದ್ದೀನ್, ನಡುವೆ ಎಲ್ಲೂ ಗಾಡಿ ಬದಲಿಸೋದಿಲ್ಲ. ಹಾಸ್ಟೆಲ್ ಎಲ್ಲ ಕಾಲೇಜಿನಲ್ಲಿ ಎಲ್ಲರಿಗೂ ಸಿಗೋದಿಲ್ಲ, ಸಿಗದವರು ನಾಲ್ಕೈದು ಜನ ಸೇರಿ ಪಿಜಿ ಹಿಡಿಯುತ್ತಾರೆ. ಚಳಿಗೆ ಒಳ್ಳೆಯ ಸ್ವೆಟರ್ ಬೇಕು, ಶಿರಸಿಯದ್ದು ಸಾಲೋದಿಲ್ಲ. ಅರ್ಜಿ ತುಂಬುವಾಗ ವಿಷಯ ಆರಿಸೋ ಪುಟಕ್ಕೆ ಬಂದಾಗ ಇಲ್ಲಿ ಬರೆಯಿರಿ, ಒಟ್ಟಿಗೆ ಕೂತು ನೋಡೋಣ.